ಬಡಿಗನ ಕಟ್ಟೆ: ಈ ಸಲ ಬರೀ ಗರಗಸದ ಮಾತು

ಹೋದ ತಿಂಗಳು ಪೆಟ್ಟಿಗೆಯ ಮೂಲೆ ಸೇರಿಸುವ ಡವ್‌ಟೇಲ್ ಜಾಯಿಂಟ್ ಬಗ್ಗೆ ಬರೆಯುತ್ತ, ‘ಗರಗಸಕ್ಕೆ ಚೆಂದಾಗಿ ಅರ ಹಾಕಿರಬೇಕು’, ಅಂದರೆ ಹಲ್ಲುಗಳನ್ನು ಅರದಿಂದ ಉಜ್ಜಿ ಹರಿತ ಮಾಡಿರಬೇಕು, ಅಂತ ಒಂದು ಸಾಲು ಗೀಚಿ ಮುಂದೆ ಹೋಗಿದ್ದೆ. ಆ ಸಾಲೇ ಈಗ ಕೊರಳಿಗೆ ಬಂದಿದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದೇ ಮಾತು: ‘ಅರ ಹಾಕೋದು ಹೆಂಗ್ರಿ, ಅದನ್ನ ಮೊದಲು ಹೇಳ್ರಿ.’ ಹಂಗಾಗಿ ಈ ಸಲ ಕೀಲು, ಪಾಲಿಶ್, ಬಾಗಿಲ ಚೌಕಟ್ಟು ಎಲ್ಲ ಬದಿಗೆ.

ಹೊಸಬರಿಗೆ ನನ್ನ ಗುರುತು ಹೇಳುತ್ತೇನೆ. ನಮ್ಮಪ್ಪ ಬಾದಾಮಿ ಕಡೆಯ ಹಳ್ಳಿಯಲ್ಲಿ ಚಕ್ಕಡಿ ಕಟ್ಟುತ್ತಿದ್ದರು. ನಾನು ಬೆಳಗಾವಿಗೆ ಬಂದು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಬಡಿಗನಾದೆ. ಎರಕ ಹೊಯ್ಯುವ ಮುಂಚೆ ಉಸುಕಿನಲ್ಲಿ ಅಚ್ಚು ಒತ್ತಲು ಕಟ್ಟಿಗೆಯ ಮಾದರಿ ಬೇಕಲ್ಲ, ಅದನ್ನು ಮಾಡುವ ಕೆಲಸ. ಬೀಡು ಕಬ್ಬಿಣ ಆರಿದಾಗ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ, ಅದಕ್ಕೆ ಒಂದು ಮೀಟರಿನ ಎರಕಕ್ಕೆ 1,010 ಮಿಲಿಮೀಟರಿನ ಮಾದರಿ ಮಾಡಬೇಕು. ಆ ಲೆಕ್ಕದಲ್ಲಿ ಬೆಳೆದವನಿಗೆ ಗರಗಸದ ಸಂದು ಅರ್ಧ ಮಿಲಿಮೀಟರ್ ಅಗಲವಾದರೂ ಹೊಟ್ಟೆ ಉರಿಯುತ್ತದೆ. ನನ್ನ ಉತ್ತರಗಳು ಕೆಲವರಿಗೆ ಅತಿ ಅನ್ನಿಸಿದರೆ ಕಾರಣ ಅದು.

ಪ್ರಶ್ನೆ: ಕಾಕಾ, ನಾನು ಸಣ್ಣ ಪೆಟಗಿ, ಬಂಗಾರ ಇಡೋ ಡಬ್ಬಿ ಮಾಡತೀನಿ. ಬೆನ್ನಿಗೆ ಹಿತ್ತಾಳಿ ಪಟ್ಟಿ ಇರೋ ಹತ್ತು ಇಂಚಿನ ಹೊಸ ಗರಗಸ ತಂದೀನಿ. ಇಂಚಿಗೆ 14 ಹಲ್ಲು ಅಂತ ಅದರ ಮ್ಯಾಲೆ ಬರದೈತಿ. ಗೆರಿ ಬಿಟ್ಟು ಎಡಕ್ಕ ಎಳಿತೈತಿ, ಕೊಯ್ದ ಸಂದು ನೋಡಿದ್ರ ದೊಡ್ಡ ಗರಗಸದಾಗ ಕೊಯ್ದಂಗ ಕಾಣತೈತಿ. ಹಲ್ಲು ಮೊಂಡ ಅದಾವೇನು? (ಬೈಲಹೊಂಗಲದಿಂದ ಒಬ್ಬ ಯುವಕ)

ಉತ್ತರ: ಮೊಂಡು ಅಲ್ಲ ತಮ್ಮಾ. ಅರ ಕೈಗೆ ತಗೊಳ್ಳಬೇಡ, ಇನ್ನೂ ಅದರ ಸರದಿ ಬಂದಿಲ್ಲ. ನಿನ್ನ ಗರಗಸಕ್ಕೆ ಸೆಟ್ ಹೆಚ್ಚಾಗಿದೆ. ಒಂದು ಹಲ್ಲು ಎಡಕ್ಕೆ, ಪಕ್ಕದ್ದು ಬಲಕ್ಕೆ ವಾಲಿಸಿರುತ್ತಾರಲ್ಲ, ಅದಕ್ಕೆ ನಾವು ಸೆಟ್ ಅನ್ನುತ್ತೇವೆ. ಅಲಗಿಗಿಂತ ಸಂದು ತುಸು ಅಗಲ ಆಗಲಿ, ಗರಗಸ ಕಟ್ಟಿಗೆಯಲ್ಲಿ ಸಿಕ್ಕಿ ಹಾಕಿಕೊಳ್ಳದಿರಲಿ ಅಂತ ಮಾಡುವುದು. ತುಸು ಅಂದರೆ ಎಷ್ಟು ಅನ್ನುವುದರಲ್ಲೇ ಎಲ್ಲ ಇದೆ.

ವರ್ನಿಯರ್ ಇದ್ದರೆ ಅಲಗಿನ ದಪ್ಪ ಅಳೆ. 0.8 ಮಿ.ಮೀ. ಬಂತು ಅಂತಿಟ್ಟುಕೋ. ಈಗ ಹಲ್ಲಿನ ತುದಿಗಳ ಮೇಲೆ ಅಳೆ, ಎಡ ಬಲ ಎರಡೂ ವರ್ನಿಯರ್ ಬಾಯೊಳಗೆ ಬರಬೇಕು. ಅಲ್ಲಿ 1.2 ಅಥವಾ 1.3 ಬಂದರೆ ಅದು ಹಸಿ ಜಾಲಿ ಕೊಯ್ಯುವ ಸೆಟ್, ಡಬ್ಬಿ ಮಾಡುವ ಸೆಟ್ ಅಲ್ಲ. ಒಣಗಿದ ತೇಗಕ್ಕೆ 0.95 ಸಾಕು. ಒಂದೊಂದು ಬದಿಗೆ ಹಲ್ಲು ಹೊರಗೆ ಇಣುಕಬೇಕಾದದ್ದು ಒಂದು ದಿನಪತ್ರಿಕೆ ಹಾಳೆಯ ದಪ್ಪ, ಅಂದರೆ 0.07 ಮಿ.ಮೀ. ಆಸುಪಾಸು. ವರ್ನಿಯರ್ ಇಲ್ಲದಿದ್ದರೆ ಒಂದು ತುಂಡು ಕೊಯ್ದು, ಆ ಸಂದಿನಲ್ಲಿ ಅಲಗನ್ನೇ ನಿಲ್ಲಿಸಿ ಅಲ್ಲಾಡಿಸಿ ನೋಡು. ಎಮ್ಮೆ ಕೊರಳಿನ ಗಂಟೆಯ ಹಾಗೆ ಲೊಡಲೊಡ ಅಂದರೆ ಸೆಟ್ ಹೆಚ್ಚು.

ತೆಗೆಯುವ ದಾರಿ ಸಸಾರ. ಬೆಂಚ್ ವೈಸ್‌ನ ಬಾಯಿಗೆ ನುಣುಪಾದ ಎರಡು ಕಬ್ಬಿಣದ ಪಟ್ಟಿ ಇಡು. ವೈಸ್‌ನ ಬಾಯಲ್ಲಿ ಗೀರುಗಳಿರುತ್ತವೆ, ಪಟ್ಟಿ ಇಡದೆ ಹಿಡಿದರೆ ಹಲ್ಲು ಹಾಳು. ದಿನಪತ್ರಿಕೆಯ ಒಂದೇ ಹಾಳೆಯನ್ನು ಎರಡು ಬೆರಳು ಅಗಲಕ್ಕೆ ಹರಿದು, ಹಲ್ಲಿನ ಸಾಲಿನ ಮೇಲೆ ತಲೆಗೆ ಟವೆಲ್ ಹೊದಿಸಿದಂತೆ ಹೊದಿಸು. ಆ ಬದಿಗೆ ಒಂದು ಪದರು, ಈ ಬದಿಗೆ ಒಂದು ಪದರು. ಈಗ ಹಲ್ಲಿನ ಸಾಲನ್ನಷ್ಟೇ ವೈಸ್‌ನಲ್ಲಿ ಹಿಡಿದು ಗಟ್ಟಿಯಾಗಿ ತಿರುಗಿಸು. ಬಿಡು, ಮುಂದೆ ಸರಿಸು, ಮೊದಲು ಒತ್ತಿದ ಜಾಗದ ಮೇಲೆ ಅರ್ಧ ಇಂಚು ಏರಿಸಿ ಮತ್ತೆ ಒತ್ತು. ಹೊರಗೆ ಚಾಚಿದ ಹಲ್ಲುಗಳೆಲ್ಲ ಕಾಗದದ ದಪ್ಪಕ್ಕೆ ಬಂದು ನಿಲ್ಲುತ್ತವೆ. ಉಕ್ಕು ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಅದಕ್ಕೆ ಎರಡು ಸಲ ಒತ್ತು. ಮೂರನೇ ಸಲ ಬೇಡ.

ಎಡಕ್ಕೆ ಎಳೆಯುವುದು ಬೇರೆ ರೋಗ. ಯಾವ ಬದಿಯ ಹಲ್ಲು ಹೆಚ್ಚು ಹೊರಗಿದೆಯೋ ಗರಗಸ ಆ ಬದಿಗೇ ಹೋಗುತ್ತದೆ. ಒತ್ತಿದ ಮೇಲೂ ಎಳೆದರೆ, ಅಲಗನ್ನು ಹಲಗೆಯ ಮೇಲೆ ಎಡಮೈ ಮೇಲಾಗಿ ಮಲಗಿಸಿ, ನಯವಾದ ಎಣ್ಣೆಕಲ್ಲನ್ನು ಹಿಡಿಕೆಯಿಂದ ತುದಿಯ ತನಕ ಹಲ್ಲಿನ ಬದಿಯ ಮೇಲೆ ಒಂದೇ ಒಂದು ಸಲ ಎಳೆ. ಕಲ್ಲಿಗೆ ಭಾರ ಹಾಕಬೇಡ, ಅದರ ತೂಕವೇ ಸಾಕು. ಕೊಯ್ದು ನೋಡು. ಇನ್ನೂ ಎಳೆದರೆ ಇನ್ನೊಂದು ಸಲ. ಎಂಟು ಹತ್ತು ಸಲ ಉಜ್ಜಿ ‘ಕಾಕಾ, ಈಗ ಬಲಕ್ಕ ಎಳಿತೈತಿ’ ಅಂತ ಬರೆದವರೂ ಇದ್ದಾರೆ.

ಇನ್ನೊಂದು ಮಾತು. ನೀನು ಬೈಲಹೊಂಗಲದವನು, ನಾನು ಬೆಳಗಾವಿಯವನು. ನಮ್ಮಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಕಪಾಟಿನ ಬಾಗಿಲೇ ಉಬ್ಬಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಬೆಣ್ಣೆಯಲ್ಲಿ ಹೋದಂತೆ ಹೋದ ಗರಗಸ ಆಗ ಅದೇ ಹಲಗೆಯಲ್ಲಿ ಸಿಗಿಬೀಳುತ್ತದೆ. ಕೂಡಲೇ ಸೆಟ್ ಹೆಚ್ಚಿಸಲು ಹೋಗಬೇಡ. ಅಲಗಿನ ಎರಡೂ ಮೈಗೆ ಮೇಣದಬತ್ತಿ ಉಜ್ಜು, ಕೆಲಸ ಮುಗಿಸು.

ಪ್ರಶ್ನೆ: ನಾನು ಹಾರ್ಮೋನಿಯಂ ರಿಪೇರಿ ಮಾಡವ. ಇಂಚಿಗೆ 20 ಹಲ್ಲಿನ ಸಣ್ಣ ಗರಗಸ ಅದ. ಸೆಟ್ಟಿಂಗ್ ಪಕ್ಕಡದಿಂದ (ಹಲ್ಲು ವಾಲಿಸೋ ಇಕ್ಕಳ) ಸೆಟ್ ಮಾಡಾಕ ಹೋದ್ರ ಒಂದು ಹಲ್ಲು ಒತ್ತಿದ್ರ ಎರಡು ಬಾಗತಾವ. ಏನು ಮಾಡಲಿ ಗುರುಗಳ? (ವಿಜಯಪುರದ ಓದುಗರು)

ಉತ್ತರ: ಗುರು ಅನ್ನಬೇಡಿ. ಇದೇ ಕೆಲಸದಲ್ಲಿ ನಾನು ನನ್ನ ಮೇಸ್ತ್ರಿಯ ಗರಗಸ ಹಾಳು ಮಾಡಿದವನು. ಆ ಕತೆ ಆಮೇಲೆ.

ಮೊದಲು ಲೆಕ್ಕ. ಇಂಚು ಅಂದರೆ 25.4 ಮಿ.ಮೀ., 20 ಹಲ್ಲು ಅಂದರೆ ಹಲ್ಲಿನಿಂದ ಹಲ್ಲಿಗೆ 1.27 ಮಿ.ಮೀ. ಮೂರು ಮೂಲೆ ಅರದ ಪ್ರತಿ ಮೂಲೆ 60 ಡಿಗ್ರಿ, ಹಲ್ಲಿನ ಮುಂಭಾಗ ನೆಟ್ಟಗೆ ನಿಂತರೆ ಹಲ್ಲಿನ ಎತ್ತರ 0.73 ಮಿ.ಮೀ. ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ! ನಿಮ್ಮ ಪಕ್ಕಡದಲ್ಲಿ ಹಲ್ಲನ್ನು ತಳ್ಳುವ ಚಿಕ್ಕ ಮೊಳೆಯಂಥ ತುಂಡಿದೆಯಲ್ಲ, ಅದನ್ನು ಮಾಡಿರುವುದು ಇಂಚಿಗೆ ಎಂಟು ಹತ್ತು ಹಲ್ಲಿನ ಗರಗಸಕ್ಕೆ. ಅದರ ಮೂತಿ ಎರಡು ಮಿಲಿಮೀಟರ್ ಅಗಲ ಇದ್ದರೆ ಪಕ್ಕದ ಹಲ್ಲನ್ನೂ ತಳ್ಳದೆ ಬಿಡುತ್ತದೆಯೇ?

ಆದ್ದರಿಂದ ಗರಗಸವನ್ನು ಬಿಟ್ಟು ಪಕ್ಕಡವನ್ನು ತಿದ್ದಿ. ಆ ತುಂಡನ್ನು ಬಿಚ್ಚಿ ತೆಗೆಯಿರಿ, ಮೂತಿಯ ಎರಡು ಬದಿಗಳನ್ನು ಸಾಣೆಕಲ್ಲಿಗೆ ಹಿಡಿದು 0.8 ಮಿ.ಮೀ. ಅಗಲಕ್ಕೆ ಇಳಿಸಿ. ಎತ್ತರ ಹಾಗೇ ಇರಲಿ. ಗ್ರೈಂಡರಿಗೆ ಹಿಡಿದರೆ ಎರಡು ಎಣಿಸುವಷ್ಟರಲ್ಲಿ ನೀರಿಗೆ ಅದ್ದಬೇಕು. ಮೂತಿ ನೀಲಿ ಬಣ್ಣಕ್ಕೆ ತಿರುಗಿದರೆ ಅದರ ಪಾಣ, ಅಂದರೆ ಉಕ್ಕಿನ ಗಡಸು, ಇಳಿದು ಹೋಯಿತು ಅಂತಲೇ, ನಾಲ್ಕು ಹಲ್ಲು ಒತ್ತುವಷ್ಟರಲ್ಲಿ ಚಪ್ಪಟೆಯಾಗುತ್ತದೆ. ನಾನು ಗ್ರೈಂಡರ್ ಬಿಟ್ಟು ಕೈಯಿಂದ ಎಣ್ಣೆಕಲ್ಲಿನ ಮೇಲೆ ಉಜ್ಜಿದ್ದೆ, ಒಂದು ಸಂಜೆ ಹಿಡಿಯಿತು. ಚೂಪು ಅಂಚುಗಳನ್ನು ಕೊನೆಗೆ ತುಸು ಸವರಿ, ಇಲ್ಲದಿದ್ದರೆ ಹಲ್ಲಿನ ಮೇಲೆ ಗಾಯ ಮಾಡುತ್ತದೆ.

ಹಲ್ಲಿನ ಮೇಲಿನ ಅರ್ಧವಷ್ಟೇ ಬಾಗಬೇಕು, ಬುಡ ಅಲ್ಲ. ನನ್ನ ಕತೆ ಇದೇ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮೇಸ್ತ್ರಿ ಊಟಕ್ಕೆ ಹೋದಾಗ ಅವರ 20 ಹಲ್ಲಿನ ಗರಗಸ ತೆಗೆದುಕೊಂಡು ‘ಚೊಕ್ಕ ಮಾಡಿ ಇಡತೀನಿ’ ಅಂತ ಪಕ್ಕಡ ಹಚ್ಚಿದೆ. ಅಪ್ಪನ ಚಕ್ಕಡಿ ಗರಗಸ ನೋಡಿ ಬೆಳೆದವನು, ಹಲ್ಲು ವಾಲಿದ್ದು ಕಣ್ಣಿಗೆ ಕಂಡರೆ ಮಾತ್ರ ಸೆಟ್ ಆಯಿತು ಅಂದುಕೊಂಡಿದ್ದೆ. ಬುಡದಿಂದ ಬಾಗಿಸಿದೆ. ಅತಿಯಾಯಿತು ಅನ್ನಿಸಿ ಕೆಲವನ್ನು ವಾಪಸ್ ಬಾಗಿಸಿದೆ. ಟಿಕ್ ಅಂತ ಒಂದು. ಟಿಕ್ ಅಂತ ಇನ್ನೊಂದು. ಹನ್ನೊಂದು ಹಲ್ಲು ಹೋದವು. ಮೇಸ್ತ್ರಿ ಬಂದು ನೋಡಿ ಬೈಯಲಿಲ್ಲ. ಬೆಂಚಿನ ಮೇಲೆ ಬಿದ್ದಿದ್ದ ಹಲ್ಲುಗಳನ್ನು ಒಂದು ಕಾಗದಕ್ಕೆ ಗುಡಿಸಿ, ಮಡಚಿ, ನನ್ನ ಅಂಗಿಯ ಕಿಸೆಗೆ ಹಾಕಿದರು. ಆಮೇಲೆ ಆ ಗರಗಸದ ಹಲ್ಲೆಲ್ಲ ಇಳಿಸಿ ಹೊಸದಾಗಿ ಕೊರೆದದ್ದು ನಾನೇ, ಮೂರು ಭಾನುವಾರ.

ಕೀ ಪಟ್ಟಿಗಳನ್ನು ಬಿಡಿಸಲು ನಿಮಗೆ ಹೆಚ್ಚು ಸೆಟ್ ಬೇಕಾಗಿಯೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮೂರ ಹವೆ ಒಣ, ಕಟ್ಟಿಗೆಯೂ ಒಣ. ಅರ ಹಾಕಿದಾಗ ಹಲ್ಲಿನ ಅಂಚಿಗೆ ಏಳುವ ಸಣ್ಣ ತರಿಯೇ ಕೆಲವೊಮ್ಮೆ ಸಾಕಾಗುತ್ತದೆ. ಮೊದಲು ಸೆಟ್ ಇಲ್ಲದೆ ಕೊಯ್ದು ನೋಡಿ, ಸಿಕ್ಕಿಕೊಂಡರೆ ಮಾತ್ರ ಪಕ್ಕಡ ಹುಡುಕಿ.

ಪ್ರಶ್ನೆ: ನಮ್ಮ ಮಾವನವರು ಮಗ್ಗದ ಲಾಳಿ, ಮಣಿ ದುರಸ್ತಿ ಮಾಡತಿದ್ರು. ಅವರ ಎಂಟು ಇಂಚಿನ ಗರಗಸ ಅಟ್ಟದ ಮ್ಯಾಲಿಂದ ಸಿಕ್ಕೈತಿ. ಜಂಗು ಹಿಡದೈತಿ, ಹಲ್ಲು ಒಂದು ದೊಡ್ಡದು ಒಂದು ಸಣ್ಣದು, ನಡುವ ನಾಕು ಇಲ್ಲೇ ಇಲ್ಲ. ಮೋಡಕಾಕ (ಗುಜರಿಗೆ) ಹಾಕಬೇಕೋ, ಉಳಸಬಹುದೋ? (ಗುಳೇದಗುಡ್ಡದಿಂದ ಓರ್ವ ಸೊಸೆ)

ಉತ್ತರ: ಮೋಡಕಾದವನು ಕೆ.ಜಿ. ಲೆಕ್ಕದಲ್ಲಿ ಕೊಡುವ ದುಡ್ಡಿಗೆ ಒಂದು ಚಹಾ ಬರಲಿಕ್ಕಿಲ್ಲ ತಂಗಿ. ಉಳಿಸು. ಅಲಗು ನೆಟ್ಟಗಿದೆಯಾ ಅನ್ನುವುದೊಂದೇ ಪ್ರಶ್ನೆ. ಹಲ್ಲಿನ ಸಾಲಿಗೆ ಕಣ್ಣು ಹಚ್ಚಿ ಬಂದೂಕು ಗುರಿ ಹಿಡಿದಂತೆ ನೋಡು. ನೆಟ್ಟಗಿದ್ದರೆ ಉಳಿದದ್ದೆಲ್ಲ ಕೂತು ಮಾಡುವ ಕೆಲಸ.

ಜಂಗಿಗೆ ಸೀಮೆಎಣ್ಣೆ ಮತ್ತು ಝೀರೋ ನಂಬರ್ ಪಾಲಿಶ್ ಕಾಗದ. ತಳಕ್ಕೆ ಹಲಗೆ ಇಟ್ಟು ಉದ್ದಕ್ಕೆ ಉಜ್ಜು. ಮೈ ಬೆಳ್ಳಗೆ ಆಗುವುದೇನೂ ಬೇಡ, ಕೈಗೆ ತರಿ ಹತ್ತದಿದ್ದರೆ ಸಾಕು.

ಆಮೇಲೆ ಧೈರ್ಯ ಮಾಡಿ ಚಪ್ಪಟೆ ಅರದಿಂದ ಇರುವ ಹಲ್ಲನ್ನೆಲ್ಲ ಉಜ್ಜಿ ತೆಗೆದುಬಿಡು. ಹೌದು, ಎಲ್ಲ. ದೊಡ್ಡದು ಸಣ್ಣದನ್ನು ತಿದ್ದುತ್ತ ಕೂತರೆ ವರ್ಷ ಹೋದೀತು. ಗರಗಸದ ಅಂಚು ಚಾಕುವಿನ ಬೆನ್ನಿನಂತೆ ಬೋಳಾಗಲಿ.

ಹೊಸ ಹಲ್ಲಿಗೆ ಅಳತೆ ಬೇಕು. ಶಾಲೆ ಮಕ್ಕಳ ಗ್ರಾಫ್ ಹಾಳೆ ತಗೋ. ಎರಡು ಎರಡು ಮಿಲಿಮೀಟರ್ ಎಣಿಸಿದರೆ ಇಂಚಿಗೆ ಹದಿಮೂರಕ್ಕೆ ತುಸು ಕಡಿಮೆ ಹಲ್ಲು, ಲಾಳಿ ಕೆಲಸಕ್ಕೆ ಅದು ಒರಟು. ಅದೇ ಹಾಳೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ‘75 ಪರ್ಸೆಂಟಿಗೆ ಇಳಸಿ ಕೊಡ್ರಿ’ ಅನ್ನು. ಎರಡು ಮಿಲಿಮೀಟರ್ ಇದ್ದದ್ದು ಒಂದೂವರೆ ಆಗುತ್ತದೆ, ಇಂಚಿಗೆ ಹೆಚ್ಚುಕಡಿಮೆ 17 ಹಲ್ಲು. ಎಂಟು ಇಂಚಿಗೆ 135 ಹಲ್ಲು ಬಂದೀತು. ಪಟ್ಟಿ ಕತ್ತರಿಸಿ, ಗೆರೆಗಳು ಅಂಚಿಗೆ ಸರಿಯಾಗಿ ಬರುವಂತೆ ಅಲಗಿಗೆ ಗೋಂದಿನಿಂದ ಅಂಟಿಸು. ಒಂದು ಬಿಟ್ಟು ಒಂದು ಗೆರೆಗೆ ಪೆನ್ನಿನಿಂದ ಗುರುತು ಹಾಕು, ಇಲ್ಲದಿದ್ದರೆ ನಡುವೆ ಫೋನ್ ಬಂದರೆ ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ.

ಅಲಗನ್ನು ಎರಡು ಕಟ್ಟಿಗೆ ಪಟ್ಟಿಗಳ ನಡುವೆ ಬಿಗಿ, ಅಂಚು ಮೂರು ಮಿಲಿಮೀಟರಿಗಿಂತ ಹೆಚ್ಚು ಮೇಲೆ ಇಣುಕಬಾರದು. ಹೆಚ್ಚಾದರೆ ಅಲಗು ಅದುರಿ ಕೀಚ್ ಅಂತ ಕಿರುಚುತ್ತದೆ, ಅರವೂ ಹಾಳು. ಗುರುತಿದ್ದಲ್ಲಿ ಮೂರು ಮೂಲೆ ಅರದಿಂದ ಒಂದೊಂದೇ ನೂಕು, ಸಾಲು ಪೂರ್ತಿ. ಕಚ್ಚು ಸಮ ದೂರ ಬಿದ್ದಿವೆಯಾ ನೋಡು. ಮತ್ತೆ ಮೊದಲಿನಿಂದ ಒಂದೊಂದು ನೂಕು. ಒಂದೇ ಹಲ್ಲನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋದೆಯೋ, ಹತ್ತನೆಯದಕ್ಕೆ ಬರುವಾಗ ಲೆಕ್ಕ ತಪ್ಪಿರುತ್ತದೆ. ಅರ ಮುಂದೆ ನೂಕುವಾಗಷ್ಟೇ ಕೊಯ್ಯುವುದು, ವಾಪಸ್ ತರುವಾಗ ಎತ್ತಿ ತಾ.

ಕೋನ ತಪ್ಪದಿರಲು ಒಂದು ಉಪಾಯ: ಬೆಂಕಿಪೊಟ್ಟಣದಷ್ಟು ಕಟ್ಟಿಗೆ ತುಂಡಿಗೆ ತೂತು ಕೊರೆದು ಅರದ ಮೂತಿಗೆ ಸಿಕ್ಕಿಸು. ತುಂಡಿನ ಮೇಲ್ಮೈ ಮಟ್ಟವಾಗಿದ್ದರೆ ಅರದ ಕೋನವೂ ಮೊದಲಿನಂತೆಯೇ ಇದೆ ಅಂತ ಅರ್ಥ. ಹಲ್ಲಿನ ಮುಂಭಾಗ ಬಹುತೇಕ ನೆಟ್ಟಗೆ ಇರಲಿ. ತುದಿಯ ಮೊದಲ ಒಂದು ಇಂಚಿನಲ್ಲಿ ಮಾತ್ರ 15 ಡಿಗ್ರಿಯಷ್ಟು ಹಿಂದಕ್ಕೆ ವಾಲಿಸು, ಕೊಯ್ಯಲು ಶುರು ಮಾಡುವಾಗ ಗರಗಸ ಜಿಗಿಯುವುದಿಲ್ಲ.

ಕಚ್ಚುಗಳು ಆಳವಾದಂತೆ ಹಲ್ಲಿನ ತಲೆಯ ಮೇಲಿನ ಚಪ್ಪಟೆ ಜಾಗ ಕಿರಿದಾಗುತ್ತ ಬರುತ್ತದೆ. ಇಲ್ಲೇ ಬಿಸಿಲು ಬೇಕು. ಅಂಗಳದಲ್ಲಿ ಬೆಳಕಿಗೆ ಅಡ್ಡ ಹಿಡಿದರೆ ಚಪ್ಪಟೆ ಇದ್ದ ತಲೆಗಳು ಅಕ್ಕಿಕಾಳಿನ ತುದಿಯಂತೆ ಬೆಳ್ಳಗೆ ಮಿಂಚುತ್ತವೆ, ಚೂಪಾದವು ಮಿಂಚುವುದಿಲ್ಲ. ಮಿಂಚು ದೊಡ್ಡದಿದ್ದ ಕಡೆ ಎರಡು ನೂಕು, ಸಣ್ಣದಿದ್ದ ಕಡೆ ಅರ್ಧ ನೂಕು. ನನಗೀಗ ಕಣ್ಣು ಸಾಲದು, ಚಿಮಣಿ ಮಸಿ ಹಿಡಿಸಿ ಹಲ್ಲನ್ನು ಕಪ್ಪು ಮಾಡಿಕೊಳ್ಳುತ್ತೇನೆ. ಅರ ತಾಗಿದ ಜಾಗ ಬೆಳ್ಳಗೆ, ತಾಗದ್ದು ಕಪ್ಪಗೆ ಕಾಣುತ್ತದೆ. ಕೊನೆಯ ಮಿಂಚು ಅಳಿಯಿತೆಂದರೆ ನಿಲ್ಲಿಸು, ಚೆಂದ ಆಗಲಿ ಅಂತ ಇನ್ನೊಂದು ನೂಕು ಬೇಡ.

ಇದು ಕಟ್ಟಿಗೆಯನ್ನು ಉದ್ದಕ್ಕೆ, ನಾರಿನ ಗುಂಟ ಸೀಳುವ ಹಲ್ಲು. ಅಡ್ಡ ಕೊಯ್ಯಲು ಅರವನ್ನು ಓರೆ ಹಿಡಿದು ಹಲ್ಲಿನ ಅಂಚನ್ನು ಚಾಕು ಮಾಡಬೇಕು. ಆದರೆ 17 ಹಲ್ಲಿನಷ್ಟು ಸಣ್ಣದಾದ ಮೇಲೆ ಸೀಳು ಹಲ್ಲೇ ಅಡ್ಡಕ್ಕೂ ನಡೆಯುತ್ತದೆ. ಮೊದಲ ಸಲಕ್ಕೆ ಆ ಓರೆಯ ಗೊಡವೆ ಬೇಡ. ಹಿಡಿಕೆ ಮಾತ್ರ ಬದಲಿಸಬೇಡ, ಮಾವನವರ ಕೈ ಬೆವರು ಕುಡಿದ ಕಟ್ಟಿಗೆ ಅದು. ಅಗಸಿ ಎಣ್ಣೆ ಹಚ್ಚು.

ಪ್ರಶ್ನೆ: ಅರ ಹಾಕಿದ್ರ ಬರೀ ಜಾರತೈತ್ರಿ, ಕಚ್ಚೂದ ಇಲ್ಲ. ಹಲ್ಲಿನ ತುದಿ ನೀಲಿಗಪ್ಪು ಅದಾವು. (ಜಮಖಂಡಿ)

ಉತ್ತರ: ಅದು ಅರಕ್ಕೆ ಬಗ್ಗುವ ಗರಗಸವೇ ಅಲ್ಲ. ಹಲ್ಲಿನ ತುದಿಯನ್ನಷ್ಟೇ ವಿದ್ಯುತ್ತಿನಿಂದ ಕಾಯಿಸಿ ಗಟ್ಟಿ ಮಾಡಿರುತ್ತಾರೆ, ಅದರ ಗುರುತೇ ಆ ನೀಲಿ. ಬಹಳ ದಿನ ಹರಿತ ಇರುತ್ತದೆ, ಮೊಂಡಾದ ಮೇಲೆ ಮುಗಿಯಿತು. ಇನ್ನು ಅರ ಹಾಳು ಮಾಡಿಕೊಳ್ಳಬೇಡಿ. ಹಟ ಇದ್ದರೆ ಹಲ್ಲಿನ ಸಾಲನ್ನೇ ಐದು ಮಿ.ಮೀ. ಪಟ್ಟಿಯಾಗಿ ಕತ್ತರಿಸಿ ಒಗೆದು, ಒಳಗಿನ ಮೆತ್ತನೆ ಉಕ್ಕಿಗೆ ಮೇಲೆ ಹೇಳಿದಂತೆ ಹೊಸ ಹಲ್ಲು ಕೊರೆಯಬಹುದು. ನಾನಾದರೆ ಆ ಅಲಗನ್ನು ತುಂಡು ಮಾಡಿ, ಪಾಲಿಶ್ ಮುಂಚೆ ಹಲಗೆ ಕೆರೆಯುವ ತಗಡು ಮಾಡಿಕೊಳ್ಳುತ್ತೇನೆ. ನನ್ನ ಹತ್ತಿರ ಅಂಥವು ಆರು ಇವೆ.

ಪ್ರಶ್ನೆ: ಜಪಾನಿನ ಎಳೆದು ಕೊಯ್ಯುವ ಗರಗಸ ಆನ್‌ಲೈನ್ ತರಿಸಿದ್ದೇನೆ. ಅದನ್ನೂ ಮೂರು ಮೂಲೆ ಅರದಿಂದ ಹರಿತ ಮಾಡಬಹುದೇ? (ಬೆಳಗಾವಿಯ ಇಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಆಗುವುದಿಲ್ಲ. ಆ ಹಲ್ಲು ಕಿರಿದು, ಎತ್ತರ. ಸಂದಿಗೆ 60 ಡಿಗ್ರಿಯ ಅರ ಇಳಿಯುವುದೇ ಇಲ್ಲ. ಅದಕ್ಕೆ ಗರಿಯಂತೆ ತೆಳ್ಳಗಿನ, ಚೂಪು ಅಂಚಿನ ಬೇರೆ ಅರ ಇದೆ. ಹೊಸ ಮಾದರಿಗಳಲ್ಲಿ ಹಲ್ಲು ಮೇಲೆ ಹೇಳಿದಂತೆ ಗಟ್ಟಿ ಮಾಡಿದ್ದು, ಅಲಗನ್ನೇ ಬದಲಿಸುವುದು ಪದ್ಧತಿ. ಅಂದ ಹಾಗೆ, ಎಳೆದು ಕೊಯ್ಯುವುದು ಜಪಾನಿನವರ ಸ್ವತ್ತಲ್ಲ. ನಮ್ಮ ದೇಶದ ಹಳೆಯ ಗರಗಸಗಳೂ ಎಳೆದೇ ಕೊಯ್ಯುವಂಥವು. ನಮ್ಮಪ್ಪ ನೆಲಕ್ಕೆ ಕೂತು, ಕಟ್ಟಿಗೆಯನ್ನು ಪಾದದಿಂದ ಅದುಮಿ ಹಿಡಿದು ಎಳೆಯುತ್ತಿದ್ದರು, ಹಲ್ಲೆಲ್ಲ ಹಿಡಿಕೆಯ ಕಡೆ ಮುಖ ಮಾಡಿ ನಿಂತಿರುತ್ತಿದ್ದವು. ನಿಂತು, ವೈಸ್‌ಗೆ ಕಟ್ಟಿಗೆ ಕಟ್ಟಿ, ನೂಕಿ ಕೊಯ್ಯುವುದು ನನಗೆ ಫೌಂಡ್ರಿ ಕಲಿಸಿದ್ದು.

ಪ್ರಶ್ನೆ: ಸಣ್ಣ ಅರ ಎಲ್ಲಿ ಸಿಗುತ್ತದೆ? ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಟ್ಟ ಆರು ಇಂಚಿನದು ಎರಡೇ ಸಲಕ್ಕೆ ಸೋತಿತು. ಗರಗಸಕ್ಕೆ ಕುಸುಬಿ ಎಣ್ಣೆ ಸವರಿಟ್ಟಿದ್ದೆ, ಅಂಟು ಅಂಟಾಗಿದೆ. (ಅಥಣಿ)

ಉತ್ತರ: ಆರು ಇಂಚಿನ ಅರದ ಮೂಲೆಗಳು ದುಂಡಗಿರುತ್ತವೆ. ಸಣ್ಣ ಹಲ್ಲಿಗೆ ಹಾಕಿದರೆ ಸಂದು ಬಟ್ಟಲಿನಂತೆ ಆಗುತ್ತದೆ, ಹಲ್ಲು ಕುಳ್ಳಾಗುತ್ತದೆ. 14 ಹಲ್ಲಿನ ತನಕ ನಾಲ್ಕು ಇಂಚಿನ, ಅತಿ ತೆಳು ಮೂರು ಮೂಲೆ ಅರ ಕೇಳಿ. ಅದಕ್ಕಿಂತ ಸಣ್ಣ ಹಲ್ಲಿಗೆ ಹಾರ್ಡ್‌ವೇರ್ ಅಂಗಡಿ ಬಿಟ್ಟು ಪತ್ತಾರರ ಸಾಮಾನು ಮಾರುವ ಅಂಗಡಿಗೆ ಹೋಗಿ, ಅವರ ಸೂಜಿ ಅರಗಳಲ್ಲಿ ಮೂರು ಮೂಲೆಯದು ಸಿಗುತ್ತದೆ. ಹಚ್ಚುವ ಮುಂಚೆ ಸೀಮೆಸುಣ್ಣ ಉಜ್ಜಿ, ಉಕ್ಕಿನ ಪುಡಿ ಅರದ ಸಾಲಿನಲ್ಲಿ ಕಚ್ಚಿಕೊಳ್ಳುವುದಿಲ್ಲ. ಎರಡೇ ಸಲಕ್ಕೆ ಸೋತಿತು ಅಂದರೆ ನೀವು ವಾಪಸ್ ಎಳೆಯುವಾಗಲೂ ಉಜ್ಜುತ್ತಿದ್ದೀರಿ ಅಂತ ನನ್ನ ಗುಮಾನಿ. ತೇಗ ಕೊಯ್ಯುವವರಿಗೆ ಅರ ಹೆಚ್ಚೇ ಬೇಕಾಗುತ್ತದೆ, ತೇಗದೊಳಗೆ ಉಸುಕಿನ ಜಾತಿಯ ಸಿಲಿಕಾ ಇದೆ, ಅದು ಹಲ್ಲನ್ನು ತಿನ್ನುತ್ತದೆ.

ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು, ಅಗಸಿ ಎಣ್ಣೆಯೂ ಹಾಗೇ. ಹಿಡಿಕೆಗೆ ಅದು ಒಳ್ಳೆಯದು, ಅಲಗಿಗೆ ಅಲ್ಲ. ಸೀಮೆಎಣ್ಣೆ ಅದ್ದಿದ ಅರಿವೆಯಿಂದ ಒರೆಸಿ, ಹೊಲಿಗೆ ಮಷಿನ್ನಿಗೆ ಬಿಡುವ ಎಣ್ಣೆ ಎರಡು ಹನಿ ಸವರಿ. ಕುಸುಬಿ ಎಣ್ಣೆ ಝುಣಕದ ವಡೆಗೆ ಇರಲಿ.